ಆಯಿಯ ಪದ, ಅಪ್ಪನ ಸಿಡಿ, ನನ್ನ ಸ್ಟ್ರೀಮರ್ರು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಆಫೀಸಿನ ಕೆಲಸ, ಡೆಡ್‌ಲೈನು ಅಂತೆಲ್ಲ ನೆಪ ಹೇಳಲ್ಲ, ಶುದ್ಧ ಸೋಂಬೇರಿತನ :) ಆದ್ರೆ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ನಡೆದದ್ದನ್ನ ಬರೆಯದಿದ್ರೆ ನನಗೆ ಸಮಾಧಾನ ಇಲ್ಲ.

ನಮ್ಮಪ್ಪನಿಗೆ ಹಾಡು ಕೇಳೋ ಹುಚ್ಚು. 2002ರಲ್ಲಿ ಬ್ಯಾಂಕಿನಿಂದ ಅರಿಯರ್ಸ್ ಬಂದಾಗ ಒಂದು ಸಿಡಿ ಪ್ಲೇಯರು, ಆಂಪ್ಲಿಫೈಯರು, ಎರಡು ಸ್ಪೀಕರು ತಂದಿದ್ರು. ಅವ್ವ ಫ್ರಿಜ್ ಕೇಳಿದ್ದಳಂತೆ, ಆ ಜಗಳ ಇವತ್ತಿಗೂ ಮುಗಿದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್... ಒಟ್ಟು ಇನ್ನೂರರ ಹತ್ತಿರ ಸಿಡಿಗಳು. ಈಗ ಪ್ಲೇಯರಿಗೂ ವಯಸ್ಸಾಗಿದೆ. ಒಂದು ಸಿಡಿ ಓದಿದ್ರೆ ಇನ್ನೊಂದು ಓದಲ್ಲ.

ಬೋನಸ್ಸು ಬಂದಿತ್ತು. ಒಂದು ಸ್ಟ್ರೀಮರ್ ಕೊಂಡು ತಗೊಂಡು ಹೋದೆ. ಅಂಗೈಯಗಲದ ಡಬ್ಬಿ, ಒಳಗೆ ತಿರುಗೋದು ಏನೂ ಇಲ್ಲ. ವೈಫೈನಿಂದ ಹಾಡು ತಗೊಂಡು, ಡಿಜಿಟಲ್ ಅಂಕಿಗಳನ್ನ ಅನಲಾಗ್ ಮಾಡಿ ಆಂಪ್ಲಿಫೈಯರಿಗೆ ಕೊಡತ್ತೆ. "ಇನ್ನು ಈ ಸಿಡಿ ಎಲ್ಲಾ ರದ್ದಿಗೆ ಹಾಕಬಹುದು ಅಪ್ಪಾ" ಅಂದೆ. ನೆನಪಿಟ್ಕೊಳ್ಳಿ, ಇದು ನಾನೇ ಆಡಿದ ಮಾತು.

ಅಪ್ಪ ಕಣ್ಣು ಮುಚ್ಚಿ ಮನ್ಸೂರರನ್ನ ಹತ್ತು ನಿಮಿಷ ಕೇಳಿದ್ರು. "ಛಲೋ ಐತಿ. ತಬಲಾ ಯಾರದು?"

ಆ್ಯಪ್ ಪೂರ್ತಿ ಹುಡುಕಿದೆ. ಸಿಗಲಿಲ್ಲ. ಮನ್ಸೂರರ ಹೆಸರೇ ಎರಡು ಸ್ಪೆಲಿಂಗಿನಲ್ಲಿ ಎರಡು ಕಡೆ ಇತ್ತು, ತಬಲಾದವರನ್ನ ಕೇಳೋರ್ಯಾರು! ಅಪ್ಪ ಎದ್ದು ಅದೇ ಸಿಡಿ ತಂದು, ಒಳಗಿನ ಪುಟ್ಟ ಪುಸ್ತಕ ಬಿಚ್ಚಿ ತೋರಿಸಿದ್ರು. ತಬಲಾ, ಹಾರ್ಮೋನಿಯಂ, ಹಿಂದೆ ತಂಬೂರಿ ಹಿಡಿದವರು ಕೂಡ ಅದರಲ್ಲಿದ್ರು. ಇನ್ನೊಂದು ತಕರಾರು ನನಗೇ ಗೊತ್ತಾಯ್ತು. ವಿಲಂಬಿತ್ ಒಂದು ಟ್ರ್ಯಾಕು, ದ್ರುತ್ ಇನ್ನೊಂದು ಟ್ರ್ಯಾಕು ಅಂತ ಸಿಡಿಯಲ್ಲಿ ಕತ್ತರಿಸಿರ್ತಾರೆ, ಆದ್ರೂ ಪ್ಲೇಯರಿನಲ್ಲಿ ಹಾಡು ಒಂದೇ ಉಸಿರಿನಲ್ಲಿ ಹೋಗತ್ತೆ. ಇಲ್ಲಿ ಆ ಜಾಗದಲ್ಲಿ ಅರೆ ಸೆಕೆಂಡು ಮೌನ. ಊಟದ ಮಧ್ಯೆ ಕಲ್ಲು ಸಿಕ್ಕ ಹಾಗೆ. ಸೆಟ್ಟಿಂಗಿನಲ್ಲಿ ಗ್ಯಾಪ್‌ಲೆಸ್ ಅನ್ನೋದನ್ನ ಹುಡುಕಿ ಸರಿ ಮಾಡಬೇಕಾಯ್ತು.

ಇರ್ಲಿ, ದನಿಯ ವಿಷಯಕ್ಕೆ ಬರೋಣ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ, ಪ್ರತಿ ಸಲ 16 ಬಿಟ್‌, ಎರಡು ಚಾನೆಲ್ಲು. ಗುಣಿಸಿ ನೋಡಿ, ಸೆಕೆಂಡಿಗೆ 1,411 ಕಿಲೋಬಿಟ್ ಚಿಲ್ಲರೆ. ನಾವು ಕಾಲೇಜಿನಲ್ಲಿ ಫೋನಿಗೆ ತುಂಬ್ಕೋತಿದ್ದ 128 ಕಿಲೋಬಿಟ್ ಎಂಪಿ3ಯಲ್ಲಿ ಅದರ ಹತ್ತನೇ ಒಂದು ಭಾಗವೂ ಇರ್ತಿರಲಿಲ್ಲ. ಆಗ ಸಿಡಿಯೇ ಮೇಲು ಅಂದಿದ್ರೆ ನ್ಯಾಯ. ಆದ್ರೆ 2021ರಲ್ಲಿ ಆಪಲ್ ಮ್ಯೂಸಿಕ್, 2025ರಲ್ಲಿ ಸ್ಪಾಟಿಫೈ ಕೂಡ ಲಾಸ್‌ಲೆಸ್ ಕೊಡೋಕೆ ಶುರು ಮಾಡಿದ್ವು. ಈಗ ಎರಡೂ ಕಡೆ ಬರೋದು ಅವೇ ಬಿಟ್ಟುಗಳು.

ಪರೀಕ್ಷೆ ಮಾಡೇಬಿಡೋಣ ಅಂತ ಒಂದು ಸಿಡಿಯನ್ನ ಫ್ಲ್ಯಾಕ್ ಫೈಲ್ ಮಾಡಿ ಸ್ಟ್ರೀಮರಿಗೆ ಹಾಕಿದೆ. ಮೊದಲ ಸಲ ಸಿಡಿಯೇ ಗೆದ್ದಿತು. ಆಮೇಲೆ ನೋಡಿದ್ರೆ ಸಿಡಿಯ ದನಿ ಒಂಚೂರು ಜೋರಿತ್ತು ಅಷ್ಟೆ! ಜೋರಾಗಿದ್ದದ್ದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡತ್ತೆ. ವಾಲ್ಯೂಮ್ ಸಮ ಮಾಡಿ, ಯಾವುದು ಯಾವುದು ಅಂತ ಹೇಳದೆ ಹಾಕಿದಾಗ ಅಪ್ಪನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸ್ಪೀಕರನ್ನ ಗೋಡೆಯಿಂದ ಒಂದಡಿ ಮುಂದೆ ಎಳೆದಾಗ ಆದ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಗೆದ್ದೆ ಅಂತ ಬೀಗ್ತಾ ಇದ್ದೆ. ಆಗ ಅಪ್ಪ ಒಳಗಿಂದ ಇನ್ನೊಂದು ಸಿಡಿ ತಂದ್ರು. ಮೇಲೆ ಬಾಲ್‌ಪೆನ್ನಿನಲ್ಲಿ 'ಆಯಿ' ಅಂತ ಬರೆದಿತ್ತು. "ಇದು ನಿನ್ನ ಡಬ್ಬಿಯಾಗ ಬರ್ತದೇನು?"

ಆಯಿ ಅಂದ್ರೆ ಅಪ್ಪನ ಅವ್ವ. 2003ರಲ್ಲಿ ಅತ್ತೆಯ ಮದುವೆ ಮನೆಯಲ್ಲಿ ಆಯಿ ಹೇಳಿದ ಸೋಬಾನ ಪದ, ಬೀಸೋಕಲ್ಲಿನ ಪದಗಳನ್ನ ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿದ್ರು. ಎರಡು ವರ್ಷದ ಮೇಲೆ ಅಂಗಡಿಯಲ್ಲಿ ಸಿಡಿ ಮಾಡಿಸಿದ್ರು. ಸಿಡಿ ಆದ ಮೇಲೆ ಕ್ಯಾಸೆಟ್ ಯಾಕೆ ಅಂತ ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿಬಿಟ್ರು. 2011ರಲ್ಲಿ ಆಯಿ ಹೋದಳು. ಪ್ಲೇಯರಿಗೆ ಹಾಕಿದ್ವಿ, 'ನೋ ಡಿಸ್ಕ್' ಅಂತು. ಇನ್ನೊಮ್ಮೆ ಹಾಕಿದ್ವಿ. ಮತ್ತೆ ಅದೇ. ಅಪ್ಪ ಏನೂ ಅನ್ನಲಿಲ್ಲ, ಅಂಗಿಯ ತುದಿಯಿಂದ ಸಿಡಿ ಒರೆಸುತ್ತಾ ಕೂತ್ರು.

ಅಂಗಡಿಯಲ್ಲಿ ಕೊಂಡ ಸಿಡಿಯಲ್ಲಿ ಹಾಡು ಅಂದ್ರೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಸಣ್ಣ ಕುಳಿಗಳು. ಮನೆಯಲ್ಲಿ ಬರೆಯೋ ಸಿಡಿಯಲ್ಲಿ ಕುಳಿ ಇಲ್ಲ, ಒಂದು ಬಣ್ಣದ ಪದರವನ್ನ ಲೇಸರ್ ಸುಟ್ಟು ಗುರುತು ಮಾಡಿರತ್ತೆ. ಬಿಸಿಲು, ಸೆಕೆಗೆ ಆ ಬಣ್ಣ ಮಾಸತ್ತೆ. ಇನ್ನೊಂದು ವಿಷಯ, ಗೀರು ಬೀಳಬಾರದು ಅಂತ ನಾವು ಕಾಪಾಡೋದು ಹೊಳೆಯೋ ಮುಖವನ್ನ. ಆದ್ರೆ ಹಾಡು ಇರೋದು ಹೆಸರು ಬರೆಯೋ ಮುಖಕ್ಕೆ ಹತ್ತಿರ, ತೆಳ್ಳನೆ ಪದರದ ಕೆಳಗೆ. ಬಾಲ್‌ಪೆನ್ನು ಒತ್ತಿದ್ದು ಸರಿಯಾಗಿ ಅಲ್ಲಿಗೇ.

ಮರುದಿನ ಹುಬ್ಬಳ್ಳಿಗೆ ಹೋಗಿ ಯುಎಸ್‌ಬಿ ಸಿಡಿ ಡ್ರೈವ್ ತಂದೆ, ನನ್ನ ಲ್ಯಾಪ್‌ಟಾಪಿಗೆ ಡ್ರೈವೇ ಇಲ್ಲವಲ್ಲ. ಎಗ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರು ಹಾಕಿದೆ. ಅದು ತಪ್ಪು ಬಂದ ಕಡೆ ಬಿಡದೆ ಮತ್ತೆ ಮತ್ತೆ ಓದತ್ತೆ. ಓದಿದ್ದು ಸರಿ ಇದೆಯಾ ಅಂತ, ಅದೇ ಸಿಡಿಯನ್ನ ಬೇರೆಯವರು ಓದಿದಾಗ ಬಂದ ಚೆಕ್‌ಸಮ್ ಜೊತೆ ಹೋಲಿಸತ್ತೆ. ಮನ್ಸೂರರ ಸಿಡಿಗೆ ಹೊಂದಿಕೆ ಸಿಕ್ಕಿತ್ತು. ಆಯಿಯ ಸಿಡಿಗೆ 'ಡೇಟಾಬೇಸಿನಲ್ಲಿ ಇಲ್ಲ' ಅಂತ ಬಂತು. ಹೇಗಿದ್ದೀತು? ಇಡೀ ಜಗತ್ತಿನಲ್ಲಿ ಇರೋದು ಇದೊಂದೇ. ದಿನಾ ಇಂಥ ಮೆಸೇಜು ಎಷ್ಟು ನೋಡ್ತೀನೋ, ಅವತ್ತು ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು.

ರಾತ್ರಿ ಇಡೀ ಡ್ರೈವ್ ಕಿರ್ ಕಿರ್ ಅಂತು. ಒಂಬತ್ತು ಪದಗಳಲ್ಲಿ ಏಳು ಪೂರ್ತಿ ಬಂದ್ವು. ಕೊನೆಯ ಎರಡು ಬರಲಿಲ್ಲ. ಸಿಡಿ ಒಳಗಿನಿಂದ ಹೊರಗಿನ ಅಂಚಿಗೆ ಓದುತ್ತಾ ಹೋಗತ್ತೆ, ಅಂಚೇ ಹೆಚ್ಚು ಹಾಳಾಗಿತ್ತು. ಆ ಎರಡರಲ್ಲಿ ಒಂದು ಅತ್ತೆಯನ್ನ ಗಂಡನ ಮನೆಗೆ ಕಳಿಸೋವಾಗ ಹೇಳಿದ ಪದ ಅಂತ ಅಪ್ಪ ಹೇಳಿದ್ರು. ಅದರ ಸಾಲು ಈಗ ಮನೆಯಲ್ಲಿ ಯಾರಿಗೂ ಪೂರ್ತಿ ನೆನಪಿಲ್ಲ.

ಬೆಳಿಗ್ಗೆ ಏಳೂ ಫೈಲನ್ನ ಪೆನ್‌ಡ್ರೈವಿಗೆ ಹಾಕಿ ಸ್ಟ್ರೀಮರಿಗೆ ಚುಚ್ಚಿದೆ. ಮೊದಲು ಕ್ಯಾಸೆಟ್ಟಿನ ಸುಯ್ ಸದ್ದು, ಪಾತ್ರೆ ಬಿದ್ದ ಸದ್ದು, ಬಳೆ, ಆಮೇಲೆ ಆಯಿ. ಅವ್ವ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಬಹಳ ಹೊತ್ತಿನ ಮೇಲೆ "ಹೊಟ್ಟಿ ತುಂಬ್ತು ನೋಡು ತಮ್ಮಾ" ಅಂದ್ರು.

ಹಾಗಾದ್ರೆ ಯಾವುದು ಮೇಲು? ದನಿಯಲ್ಲಿ ಎರಡೂ ಒಂದೇ. ಹೊಸದು ಕೇಳಿ ನೋಡೋಕೆ ಸ್ಟ್ರೀಮರು. ತಬಲಾ ಯಾರದು ಅಂತ ಕೇಳೋರಿಗೆ, ಒಂದೇ ಬಟನ್ ಒತ್ತೋರಿಗೆ ಸಿಡಿ. ಆದ್ರೆ ಚಂದಾ ಕಟ್ಟಿ ಕೇಳೋ ಹಾಡು ಚಂದಾ ಇರೋವರೆಗೆ ಮಾತ್ರ ನಮ್ಮದು. ಸಿಡಿ ನಮ್ಮದೇ ಆದ್ರೂ ಅದಕ್ಕೂ ಆಯಸ್ಸು ಇದೆ. ಆಯಿಯ ಪದ ಈಗ ಮೂರು ಕಡೆ ಇದೆ: ಅಪ್ಪನ ಪೆನ್‌ಡ್ರೈವು, ನನ್ನ ಹಾರ್ಡ್‌ಡಿಸ್ಕು, ಅತ್ತೆಯ ಮನೆ. ಸಿಡಿಗಳು ರದ್ದಿಗೆ ಹೋಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ನಿಮ್ಮ ಮನೆಯಲ್ಲೂ ಮದುವೆ, ಮುಂಜಿ, ಅಜ್ಜಿಯ ಹಾಡು ಅಂತ ಪೆನ್ನಿನಲ್ಲಿ ಬರೆದಿಟ್ಟ ಸಿಡಿ ಇರತ್ತೆ. ಇದನ್ನ ಓದಿ ಮುಗಿಸಿದ ತಕ್ಷಣ ಎದ್ದು ಹುಡುಕಿ. ಸಿಕ್ಕಿದ್ರೆ, ಓದಿದ್ರೆ, ಇಲ್ಲಿ ಬಂದು ಒಂದು ಸಾಲು ಬರೀರಿ.