ಹಲಗಿಗೆ ತ್ಯಾಪಿ ಹಚ್ಚಬ್ಯಾಡ್ರಿ

ಜಾನಪದ ಉಳಿಸಬೇಕು ಅನ್ನುವ ಕೂಗು ಜೋರಾಗಿದೆ. ಹಲಗೆಯನ್ನು ಗೋಡೆಗೆ ತೂಗುಹಾಕಿ ಕೆಳಗೊಂದು ಚೀಟಿ ಅಂಟಿಸಿದರೆ ಉಳಿಸಿದಂತಾಯಿತು ಎಂದುಕೊಂಡವರೇ ಬಹಳ. ಬಡಿಯದೆ, ಕಾಯಿಸದೆ ಇಟ್ಟ ಹಲಗೆಯ ತೊಗಲು ಹುಳ ಹಿಡಿದು ಹೋಗುತ್ತದೆ. ಹಲಗೆ ಬದುಕುವುದು ರಿಪೇರಿಯಿಂದ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕೇರಿಗಳಲ್ಲಿ ಈ ಕೆಲಸ ಬಲ್ಲ ಮುದುಕರು ಇನ್ನೂ ಇದ್ದಾರೆ. ತೊಗಲು ನೆನೆಹಾಕಬೇಕು, ಕೂದಲು ಹೆರೆಯಬೇಕು, ಹುಣಸೆಬೀಜದ ಅಂಟು ಕುದಿಸಿ ಕಟ್ಟಿಗೆಯ ಬಳೆಗೆ ಸವರಬೇಕು, ಹಸಿ ಇರುವಾಗಲೇ ತೊಗಲು ಎಳೆದು ಕೂಡಿಸಬೇಕು. ಒಣಗುತ್ತ ಅದು ತಾನೇ ಬಿಗಿಯುತ್ತದೆ. ಮೋಡ ಕವಿದ ದಿನ ದನಿ ಇಳಿದರೆ ತೊಗರಿ ಕಟಗಿಯ ಉರಿ ಹಚ್ಚಿ ಕಾಯಿಸಬೇಕು. ಎಷ್ಟು ಕಾಯಿಸಬೇಕು? ಬೆರಳಿನಿಂದ ಹೊಡೆದು ಕಿವಿಗೊಡಬೇಕು, ಅಷ್ಟೇ. ಹೆಚ್ಚಾದರೆ ಹರಿಯುತ್ತದೆ. ನಮ್ಮ ಓಣಿಯ ಮುತ್ಯಾ ಅಂತಿದ್ದ: ‘ನಡುವ ಹರದ್ರ ತ್ಯಾಪಿ ಹಚ್ಚಬ್ಯಾಡೋ ತಮ್ಮಾ, ದನಿ ಸಾಯ್ತದ. ತೊಗಲೇ ಬದ್ಲಿ ಮಾಡ್ಬೇಕು.’ ಅವನ ಹಲಗೆಯ ಬಳೆ ಅವನ ಅಜ್ಜನದು. ಸೀಳಿದ ಕಡೆಯೆಲ್ಲ ತಗಡಿನ ಪಟ್ಟಿ. ತೊಗಲು ಎಷ್ಟು ಸಲ ಬದಲಾಯಿತೋ ಲೆಕ್ಕವಿಟ್ಟವರಿಲ್ಲ.

ವೇದಿಕೆ ಮೇಲೆ ಬಾರಿಸಿದವನಿಗೆ ಶಾಲು. ತೊಗಲು ಹದ ಮಾಡಿದ ಕೈಗೆ ಹೊಲಸು ಎಂಬ ಬಿರುದು. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಆಯಿತು, ಸಂತೋಷ. ಅಲ್ಲಿಯ ಹುಡುಗರು ಹಲಗೆಯ ಮೇಲೆ ಪ್ರಬಂಧ ಬರೆಯಲಿ, ಹಾಗೆಯೇ ತೊಗಲನ್ನೂ ನೆನೆಹಾಕಲಿ. ನಾರುತ್ತದೆ ಸ್ವಾಮಿ, ಮೂಗು ಮುಚ್ಚಿಕೊಳ್ಳಬೇಡಿ.

ಇದೇ ಹಲಗೆಯನ್ನು ನಮ್ಮವರು ತಿಪ್ಪೆಗೆ ಎಸೆದದ್ದೂ ಉಂಟು. ಗೌಡನ ಹೆಣದ ಮುಂದೆ, ಊರ ಜಾತ್ರೆಯಲ್ಲಿ, ಡಂಗುರಕ್ಕೆ ಬಿಟ್ಟಿ ಬಡಿಯಬೇಕಿತ್ತಲ್ಲ! 1973ರ ಬೂಸಾ ಗಲಾಟೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಹುಟ್ಟಿತು. ‘ಇನ್ನ ಹಲಗಿ ಬಡಿಯಲ್ಲ’ ಅಂದದ್ದಕ್ಕೆ ಬಹಿಷ್ಕಾರ ಉಂಡ ಕೇರಿಗಳು ನಾಡಿನಲ್ಲಿ ಒಂದೆರಡಲ್ಲ. ಎಸೆದವರನ್ನು ನಾನು ತಪ್ಪೆನ್ನಲಾರೆ. ಆಮೇಲೆ ಜಾಥಾಗಳಲ್ಲಿ ನಾವೇ ಅದನ್ನು ಹೆಗಲಿಗೇರಿಸಿಕೊಂಡೆವು. ಆಗ ಯಾರೂ ನಮ್ಮನ್ನು ಕರೆಸಿರಲಿಲ್ಲ, ನಾವೇ ಹೋಗಿದ್ದೆವು. ಹಲಗೆಯ ದೊಡ್ಡ ರಿಪೇರಿ ಅದೇ ಎಂದು ನನ್ನ ಎಣಿಕೆ. ಎಲ್ಲಿ ಬಡಿಯಬೇಕು, ಎಲ್ಲಿ ಬಡಿಯಬಾರದು ಅನ್ನುವುದು ಹೊತ್ತವನ ಕೈಗೆ ಬಂತು.

ಈಗ ಸಂತೆಯಲ್ಲಿ ಫೈಬರ್ ಹಲಗೆ ಬಂದಿದೆ. ಮಳೆಗೂ ದನಿ ಇಳಿಯದು, ಕಾಯಿಸುವ ಕೆಲಸವಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ದನದ ತೊಗಲು ಹೊತ್ತು ಬಸ್ಸು ಹತ್ತಲಿಕ್ಕೂ ಅಂಜಿಕೆ. ಆಡಿನ ತೊಗಲು ಸಿಗುತ್ತದೆ, ಕಟ್ಟುವವರು ಬೇಕು. ಹಾಸ್ಟೆಲಿನ ಹುಡುಗನೊಬ್ಬ ಅಂದ: ‘ಕಲೀಬೇಕಂತ ಅದರ್ರಿ ಸರ್, ತೊಗಲು ಮುಟ್ಟಿದ್ರ ರೂಮಿನ್ಯಾಗ ನಗ್ತಾರ.’ ನಗುವವರಲ್ಲಿ ನಮ್ಮ ಹುಡುಗರೂ ಇದ್ದಾರೆ.

ಗೆಳೆಯರೆ, ಏಪ್ರಿಲ್ 14ರ ಜಾಥಾಕ್ಕೆ ಪಟ್ಟಿ ಎತ್ತುವಾಗ ಮೈಕು, ಪೆಂಡಾಲು, ಕರಪತ್ರದ ಕೆಳಗೆ ತೊಗಲಿನ ಬೆಲೆ, ಕಟ್ಟಿದವನ ಕೂಲಿ ಎಂದು ಇನ್ನೊಂದು ಸಾಲು ಬರೆದುಕೊಳ್ಳಿ.