ಅಳತೆ ಪುಸ್ತಕ ಹಿಡಿದವರು

ನಮ್ಮ ಓಣಿಯಲ್ಲಿ ಚರಂಡಿ ಕಟ್ಟುವಾಗ ಜೂನಿಯರ್ ಇಂಜಿನಿಯರರನ್ನು ಸುತ್ತುವರಿದು, 'ಸಾರ್, ಇನ್ನೊಂದು 30 ಅಡಿ ಮುಂದುವರಿಸಿಬಿಡಿ' ಎಂದು ಕೇಳಿದ್ದೆವು. 'ಅಂದಾಜು ಪಟ್ಟಿಯಲ್ಲಿಲ್ಲ, ನನಗೆ ಅಧಿಕಾರವೂ ಇಲ್ಲ' ಎಂದರು. ಅವರಿಗೆ ಮನಸ್ಸಿಲ್ಲವೆಂದು ಗೊಣಗಿದೆವು. ಒತ್ತಾಯ ಹೆಚ್ಚಿದಾಗ 'ನೋಡೋಣ' ಎಂದುಬಿಟ್ಟರು. ಅದನ್ನೇ ನಂಬಿ ಗುತ್ತಿಗೆದಾರ ಕಟ್ಟಿದ. ಬಿಲ್ಲು ಪಾಸಾದಾಗ ಆ 30 ಅಡಿಗೆ ಚಿಕ್ಕಾಸೂ ಸಿಗಲಿಲ್ಲ. ಆ ಬಡಪಾಯಿಯ ನಷ್ಟಕ್ಕೆ ನಾವೂ ಕಾರಣರಾದೆವು.

ಕೆಲಸ ನೋಡುವುದು, ಅಳೆಯುವುದು, ಕಂಡದ್ದನ್ನು ಅಳತೆ ಪುಸ್ತಕದಲ್ಲಿ ಬರೆಯುವುದು, ಕಳಪೆಯಾದರೆ ಮೇಲಿನವರಿಗೆ ತಿಳಿಸುವುದು ಆ ಇಂಜಿನಿಯರರ ಹೊಣೆ. ದರ ಬದಲಿಸುವುದು, ಕೆಲಸ ಹೆಚ್ಚಿಸುವುದು ಮೇಲಧಿಕಾರಿಗಳ ಅಧಿಕಾರ. ಸಾರ್ವಜನಿಕರ ಹಣಕ್ಕೆ ಈ ಮಿತಿಯೇ ಬೇಲಿ. ಇಂದು ನಾವು '30 ಅಡಿ ಸೇರಿಸಿ' ಎನ್ನುತ್ತೇವೆ. ನಾಳೆ ಇನ್ಯಾರೋ 'ಕಟ್ಟದ 30 ಅಡಿಯನ್ನೂ ಬರೆಯಿರಿ' ಎನ್ನುತ್ತಾರೆ. ಮೊದಲನೆಯದಕ್ಕೆ ಮಣಿದವರು ಎರಡನೆಯದಕ್ಕೂ ಮಣಿಯಬೇಕಾದೀತು.

ಕಾಮಗಾರಿಯನ್ನೂ ಅದರ ದಾಖಲೆಗಳನ್ನೂ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಕೊಟ್ಟಿದೆ. ಹೆಚ್ಚಿನ ಕೆಲಸ ಬೇಕಿದ್ದರೆ ಲಿಖಿತ ಅರ್ಜಿ ಕೊಡೋಣ. ಸಂಶಯವಿದ್ದರೆ ಅಳತೆ ಪುಸ್ತಕದ ಪ್ರತಿ ಕೇಳೋಣ. ಅಳೆಯುವವರನ್ನು ಮಾತ್ರ ಅಳೆಯಲು ಬಿಡೋಣ.