ಬೇವಿನ ನೆಳಲಿನ ಕಲ್ಲಂಗಡಿ

ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಸೀಮೆಯನ್ನು ಭತ್ತದ ಕಣಜವನ್ನಾಗಿಸಿದ ಮೇಲೆಯೂ, ಆ ನೀರನ್ನು ಕಾಣದ ಕುಷ್ಟಗಿ, ಯಲಬುರ್ಗಾಗಳ ಮಸಾರಿ ಹೊಲಗಳು ಸಜ್ಜೆ, ನವಣೆ, ಶೇಂಗಾಗಳನ್ನು ನಂಬಿ ಮುಗಿಲನ್ನೇ ನಿರೀಕ್ಷಿಸುತ್ತಿದ್ದ ಕಾಲವನ್ನು ನಾನು ಕಂಡವನು. ಕಲ್ಲಂಗಡಿಯು ಆಗ ಹೊಳೆದಂಡೆಯವರ ಬೆಳೆ. ಬೇಸಗೆಯಲ್ಲಿ ನೀರು ಹಿಂಜರಿದೆಡೆ ಗುಣಿ ತೋಡಿ, ತಿಪ್ಪೆಗೊಬ್ಬರ ತುಂಬಿ, ಕೊಡದಿಂದ ನೀರೆರೆದು ಬೆಳೆಸಿದ ಹಣ್ಣು ಚಕ್ಕಡಿಯೇರಿ ಸಂತೆಗೆ ಬರುತ್ತಿತ್ತು. ತಕ್ಕಡಿಯ ಗೊಡವೆಯಿಲ್ಲ, ಗಾತ್ರ ನೋಡಿ ಬೆಲೆ.

ಕಲ್ಲಂಗಡಿಯು ಬಳ್ಳಿಯಿಂದ ಬೇರ್ಪಟ್ಟ ಮೇಲೆ ಮತ್ತೆ ಮಾಗುವ ಜಾತಿಯದಲ್ಲ. ಆದುದರಿಂದ ತೊಟ್ಟಿನ ಬಳಿಯ ಕುಡಿ ಒಣಗಿತೇ, ನೆಲಕ್ಕೆ ತಾಗಿದ ಮೈ ಹಳದಿಗೆ ತಿರುಗಿತೇ, ಬಡಿದರೆ ಮಂದ್ರವಾದ ನಾದ ಹೊಮ್ಮುವುದೇ ಎಂದು ಪರೀಕ್ಷಿಸಿ, ತುಸು ತೊಟ್ಟುಳಿಸಿ ಕೊಯ್ದು, ಬೇವಿನ ನೆಳಲಿನಲ್ಲಿ ಹುಲ್ಲು ಹಾಸಿ ಇರಿಸಿದರೆ, ಎರಡು ವಾರ ಸುಖವಾಗಿ ಬಾಳುತ್ತಿತ್ತು. ಈ ಸಂತೆ ತಪ್ಪಿದರೆ ಮುಂದಿನ ಸಂತೆ!

ಕೊಳವೆಬಾವಿ, ಹನಿ ನೀರಾವರಿ, ಮಲ್ಚಿಂಗ್ ಹಾಳೆ, ಟ್ರೇಗಳಲ್ಲಿ ಬೆಳೆದ ಹೈಬ್ರಿಡ್ ಸಸಿ, ಇವೆಲ್ಲ ಕೂಡಿ ಬಂದುದರಿಂದ ಒಣಹೊಲವೂ ಎರಡೂವರೆ ತಿಂಗಳೊಳಗೆ ಲಾರಿ ತುಂಬುವಷ್ಟು ಹಣ್ಣನ್ನೀಯತೊಡಗಿತು. ಇದು ಅಲ್ಪ ಸಾಧನೆಯಲ್ಲ. ಹಳೆಯದೆಲ್ಲ ಹೊನ್ನೆಂದು ಹಲುಬುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಆದರೆ ಇಡೀ ಹೊಲ ಒಮ್ಮೆಗೇ ಮಾಗಿ, ವ್ಯಾಪಾರಿಯು ಬದುವಿಗೇ ಬಂದು ಟನ್ನಿನ ಲೆಕ್ಕದಲ್ಲಿ ದರ ಕಟ್ಟಿ, ಸಣ್ಣ ಹಣ್ಣನ್ನು ಬದಿಗೆ ತಳ್ಳಿ, ಲಾರಿ ನಾಳೆ ಬರುವುದೆಂದು ಹೋದನೆಂದರೆ, ಅಷ್ಟು ಹಣ್ಣಿಗೆ ನೆಳಲೀಯುವ ಬೇವು ಯಾವ ಬದುವಿನಲ್ಲಿಯೂ ಇಲ್ಲ. ಶೀತಲಗೃಹವೇಕಿಲ್ಲವೆಂದು ಪಟ್ಟಣದ ಹಿತೈಷಿಗಳು ಕೇಳುವುದುಂಟು. ನೂರಕ್ಕೆ ತೊಂಬತ್ತು ಪಾಲಿಗೂ ಮಿಗಿಲಾಗಿ ನೀರೇ ಆಗಿರುವ ಈ ಹಣ್ಣು ಬೆಲೆಗಿಂತ ಹೆಚ್ಚಾಗಿ ಜಾಗವನ್ನೇ ನುಂಗುವಂಥದು. ಮೇಲಾಗಿ ಆಲೂಗಡ್ಡೆಗೆ ಒಗ್ಗುವ ಚಳಿ ಇದಕ್ಕೆ ಒಗ್ಗದು, ಸಿಪ್ಪೆಯಲ್ಲಿ ಕುಳಿ ಬಿದ್ದು ರುಚಿ ಕೆಡುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಅಂಜಿ ದೇಶಕ್ಕೆ ದೇಶವೇ ಬಾಗಿಲಿಕ್ಕಿದಾಗ ವ್ಯಾಪಾರಿಯೂ ಬರಲಿಲ್ಲ, ಲಾರಿಯೂ ಬರಲಿಲ್ಲ. ಎಷ್ಟೋ ಹಣ್ಣು ಬಳ್ಳಿಯಲ್ಲೇ ಒಡೆದು ದನಗಳ ಪಾಲಾಯಿತು. ಕೆಲವರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಓಣಿಯೋಣಿ ತಿರುಗಿ ತಾವೇ ಮಾರಿದರು. ಆ ಬಳಿಕ ನನ್ನ ಪರಿಚಯದ ಒಕ್ಕಲಿಗರು ಕೆಲವರು ಹೊಲವನ್ನು ಮೂರು ಪಾಲು ಮಾಡಿ, ಹದಿನೈದು ದಿನಗಳ ಅಂತರದಲ್ಲಿ ಸಸಿ ನೆಡುತ್ತಾರೆ. ಒಂದು ಪಾಲನ್ನು ವ್ಯಾಪಾರಿಗೆ ಕೊಟ್ಟು, ಉಳಿದುದನ್ನು ಕುಷ್ಟಗಿಯ ಹೆದ್ದಾರಿಯ ಅಂಚಿನಲ್ಲಿ ಚಪ್ಪರ ಹಾಕಿ ತಾವೇ ಮಾರುತ್ತಾರೆ.